ವಿಂಡೋಸ್ ಹೊಸ ಡಿಸ್ಕಿನಲ್ಲಿ, ಬೂಟ್ ಫೈಲು ಹಳೇ ಡಿಸ್ಕಿನಲ್ಲಿ: ಒಂದು ಡ್ಯುಯಲ್ ಬೂಟ್ ಪ್ರಕರಣ

ಹೊಸದಾಗಿ ಜೋಡಿಸಿದ ಒಂದು ಕಂಪ್ಯೂಟರ್. ಅದರಲ್ಲಿ ವಿಂಡೋಸ್ 11 ಇತ್ತು. ಇನ್ನೊಂದು ಡಿಸ್ಕಿನಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು ಹಾಕಿದರು. ಒಂದೇ ಕಂಪ್ಯೂಟರಿನಲ್ಲಿ ಎರಡು ಸಿಸ್ಟಮ್ ಇಟ್ಟು ಬೇಕಾದದ್ದನ್ನು ಎಬ್ಬಿಸುವ ಈ ಏರ್ಪಾಡೇ ಡ್ಯುಯಲ್ ಬೂಟ್. ಉಬುಂಟು ಸಲೀಸಾಗಿ ಬಂತು, ವಿಂಡೋಸ್ ಮಾತ್ರ ಏಳಲೇ ಇಲ್ಲ. ವಿಂಡೋಸ್ ಇದ್ದ ಡಿಸ್ಕನ್ನು ಯಾರೂ ಮುಟ್ಟಿರಲಿಲ್ಲ. ಮತ್ತೆ ಹೀಗೆ ಆಗಿದ್ದು ಹೇಗೆ?

ಹೊಸ ಕ್ಯಾಬಿನೆಟ್ಟಿಗೆ ಹಳೇ ಕಂಪ್ಯೂಟರಿನ ಡಿಸ್ಕನ್ನೂ ಸೇರಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಚೆನ್ನಾಗಿರುವ ಡಿಸ್ಕನ್ನು ಯಾಕೆ ಸುಮ್ನೆ ಇಡಬೇಕು, ಅಲ್ವಾ? ಹಾಗೆ ಮಾಡಿದ ಯಾರಿಗೆ ಬೇಕಾದರೂ ಈ ತೊಂದರೆ ಬರಬಹುದು. ಅದಕ್ಕೇ ನಡೆದದ್ದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಇದೆ. ಊರು, ಹೆಸರು, ಅಂಗಡಿಯ ಗುರುತು ಯಾವುದನ್ನೂ ಕೊಟ್ಟಿಲ್ಲ.

ಹಿನ್ನೆಲೆ

ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುವ ಒಬ್ಬರು. ಮದುವೆ ಕಾರ್ಡು, ಕರಪತ್ರ, ಬಿಲ್ ಬುಕ್ಕು, ಅರ್ಜಿ ಟೈಪಿಂಗ್, ಇವೇ ಅವರ ದಿನದ ಕೆಲಸ. ಅವರ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನ ಲ್ಯಾಬಿನಲ್ಲಿ ಎಲ್ಲವೂ ಉಬುಂಟು. ಮನೆಯಲ್ಲೂ ಅದು ಇದ್ದರೆ ಪ್ರಾಜೆಕ್ಟ್ ಕೆಲಸ ಆಗುತ್ತದೆ ಎನ್ನುವುದು ಅವಳ ಆಸೆ. ಎರಡು ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡಿಲ್ಲ. ಹಗಲು ಅಪ್ಪನಿಗೆ, ರಾತ್ರಿ ಮತ್ತು ಭಾನುವಾರ ಮಗಳಿಗೆ. ಹೀಗೆ ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ಏರ್ಪಾಡು.

ಅಪ್ಪನ ಕಡೆಯಿಂದ ವಿಂಡೋಸ್ ಬಿಡುವ ಮಾತೇ ಇರಲಿಲ್ಲ. ಲಿನಕ್ಸ್ ಇಷ್ಟಪಡುವ ನಮ್ಮಂಥವರು ಈ ವಿಷಯವನ್ನು ಗೌರವದಿಂದ ಒಪ್ಪಿಕೊಳ್ಳಬೇಕು. ಅವರ ಹತ್ತಾರು ವರ್ಷಗಳ ಕೆಲಸವೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟುಗಳಲ್ಲಿದೆ. ಎಲ್ಲ ಭಾಷೆಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಪದ್ಧತಿ ಅದು. ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡವಾಗಿ ತೋರಿಸುವುದು ಫಾಂಟು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಡಿಸೈನುಗಳೆಲ್ಲ ಕೋರೆಲ್‌ಡ್ರಾದಲ್ಲಿವೆ. ಪ್ರಿಂಟರುಗಳ ಸೆಟ್ಟಿಂಗ್ ಕೂಡ ವಿಂಡೋಸಿನಲ್ಲೇ ಪಳಗಿದೆ. ಹಾಗಾಗಿ ಆ ಮನೆಗೆ ಡ್ಯುಯಲ್ ಬೂಟ್ ಬೇಕೇ ಬೇಕಾಗಿತ್ತು.

ಹಳೇ ಕಂಪ್ಯೂಟರ್ ಇಂಟೆಲ್‌ನ ಆರನೇ ತಲೆಮಾರಿನದು, ವಿಂಡೋಸ್ 10 ಇದ್ದದ್ದು. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಅವರು ಹೊಸದು ಮಾಡಿಸಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದರು. ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 32 ಜಿಬಿ ಡಿಡಿಆರ್5 ರ‍್ಯಾಮ್, ಮದರ್‌ಬೋರ್ಡಿಗೇ ನೇರ ಸಿಕ್ಕಿಸುವ ವೇಗದ ಡಿಸ್ಕಾದ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಗ್ರಾಫಿಕ್ಸ್ ಕಾರ್ಡ್ ಬೇಡ ಅಂದರು, ಈ ಪ್ರೊಸೆಸರಿನ ಒಳಗೇ ಸಣ್ಣ ಗ್ರಾಫಿಕ್ಸ್ ಇದೆ. ಇದರ ಜೊತೆಗೆ ಹಳೇ ಕಂಪ್ಯೂಟರಿನಿಂದ ಬಿಚ್ಚಿದ ಕೇಬಲ್ಲಿನಲ್ಲಿ ಜೋಡಿಸುವ ಹಳೇ ಬಗೆಯ 500 ಜಿಬಿ ಸಾಟಾ ಎಸ್‌ಎಸ್‌ಡಿ. ಅದರಲ್ಲಿ ಹಳೇ ವಿಂಡೋಸ್ 10 ಮತ್ತು ಅಪ್ಪನ ಎಲ್ಲ ಫೈಲುಗಳು ಇದ್ದವು.

ಜೋಡಿಸಿಕೊಟ್ಟವರು ಪರಿಚಯದ ಹುಡುಗ. ಕೆಲಸ ಅಚ್ಚುಕಟ್ಟಾಗಿತ್ತು. ಎರಡೂ ಡಿಸ್ಕು ಸಿಕ್ಕಿಸಿ, ಪೆನ್‌ಡ್ರೈವಿನಿಂದ ವಿಂಡೋಸ್ 11 ಅನ್ನು ಹೊಸ ಎನ್‌ವಿಎಂಇಗೆ ಹಾಕಿ, ಓಡಿಸಿ ತೋರಿಸಿ ಹೋಗಿದ್ದರು. ಈ ವಾಕ್ಯದಲ್ಲಿ ‘ಎರಡೂ ಡಿಸ್ಕು ಸಿಕ್ಕಿಸಿ’ ಎನ್ನುವುದನ್ನು ಗಮನದಲ್ಲಿಡಿ.

ಮೊದಲ ತೊಡಕು: ಪ್ರೊಸೆಸರಿಗಿಂತ ಹಳೇ ಪೆನ್‌ಡ್ರೈವ್

ಮಗಳ ಹತ್ತಿರ ಲ್ಯಾಬಿನ ಪೆನ್‌ಡ್ರೈವ್ ಇತ್ತು, ಉಬುಂಟು 22.04. ಅದರಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ, ಓಡಿಸಿ ನೋಡಿದಳು. ಪರದೆ ಊದಿದ ಹಾಗೆ ದೊಡ್ಡ ದೊಡ್ಡ ಅಕ್ಷರ, ರೆಸಲ್ಯೂಷನ್ ಬದಲಾಯಿಸಲು ಆಗುತ್ತಿಲ್ಲ. ವೈಫೈ ಪಟ್ಟಿ ಖಾಲಿ. ಮದರ್‌ಬೋರ್ಡೇ ಹಾಳಾಗಿದೆಯೇನೋ, ಅಂಗಡಿಗೆ ವಾಪಸ್ ಕೊಡೋಣವೇ ಎಂಬ ಮಾತೂ ಬಂತು.

ಬೋರ್ಡಿನಲ್ಲಿ ಏನೂ ತಪ್ಪಿರಲಿಲ್ಲ. ಆ ಪೆನ್‌ಡ್ರೈವಿನಲ್ಲಿದ್ದದ್ದು 2022ರ ಏಪ್ರಿಲ್‌ನ ಮೊದಲ ಬಿಡುಗಡೆ. ಅದರ ಕರ್ನೆಲ್, ಅಂದರೆ ಸಿಸ್ಟಮ್ಮಿನ ತಿರುಳು, 5.15ನೇ ಆವೃತ್ತಿಯದು. ಈ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2023ರ ಜನವರಿಯಲ್ಲಿ. ತನಗಿಂತ ಆಮೇಲೆ ಹುಟ್ಟಿದ ಗ್ರಾಫಿಕ್ಸ್ ಮತ್ತು ವೈಫೈ ಚಿಪ್ಪುಗಳನ್ನು ನಡೆಸುವ ಡ್ರೈವರು ಆ ಕರ್ನೆಲ್ಲಿನಲ್ಲಿ ಇರುವುದಾದರೂ ಹೇಗೆ? ವಿಂಡೋಸಿನಲ್ಲಿ ಡ್ರೈವರುಗಳನ್ನು ಬೇರೆಯಾಗಿ ಹಾಕಿ ರೂಢಿಯಾದವರಿಗೆ ಇದು ಹೊಳೆಯುವುದಿಲ್ಲ. ಲಿನಕ್ಸಿನಲ್ಲಿ ಬಹುತೇಕ ಡ್ರೈವರು ಕರ್ನೆಲ್ಲಿನ ಜೊತೆಗೇ ಬರುತ್ತವೆ. ಹೊಸ ಬಿಡಿಭಾಗಕ್ಕೆ ಹೊಸ ಕರ್ನೆಲ್ ಬೇಕು. ಅವಳು ಉಬುಂಟು 24.04ರ ಹೊಸ ಐಎಸ್ಒ (ಇನ್‌ಸ್ಟಾಲ್ ಮಾಡುವ ಫೈಲು) ಇಳಿಸಿಕೊಂಡು ಮತ್ತೆ ಲೈವ್ ಓಡಿಸಿದಳು. ಪರದೆ ಸರಿಯಾಯಿತು, ವೈಫೈ ಬಂತು.

ಇನ್‌ಸ್ಟಾಲ್ ಮಾಡುವ ಮುಂಚೆ ಲೈವ್ ಓಡಿಸಿ ನೋಡಿದ್ದು ಅವಳ ಒಳ್ಳೆಯ ತೀರ್ಮಾನ. ಡಿಸ್ಕಿಗೆ ಏನೂ ಆಗದ ಹಾಗೆ ಈ ತೊಡಕು ಬಗೆಹರಿದದ್ದು ಅದರಿಂದ.

ಎರಡನೇ ತೀರ್ಮಾನ: ಯಾವ ಡಿಸ್ಕು?

ಎನ್‌ವಿಎಂಇಯಲ್ಲಿ ವಿಂಡೋಸನ್ನು ಕುಗ್ಗಿಸಿ ಅಲ್ಲೇ ಜಾಗ ಮಾಡಿಕೊಳ್ಳಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಅಪ್ಪನ ವಿಂಡೋಸ್ ಇರುವ ಡಿಸ್ಕನ್ನು ಮುಟ್ಟುವುದೇ ಬೇಡ, ಹಳೇ ಸಾಟಾ ಡಿಸ್ಕನ್ನು ಖಾಲಿ ಮಾಡಿ ಉಬುಂಟುವಿಗೆ ಕೊಡೋಣ ಎಂದು ಯೋಚಿಸಿದಳು. ಒಂದೊಂದು ಸಿಸ್ಟಮ್ಮಿಗೆ ಒಂದೊಂದು ಡಿಸ್ಕು. ನನ್ನನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ.

ಹಳೇ ಡಿಸ್ಕಿನ ಫೈಲುಗಳನ್ನೆಲ್ಲ ಎನ್‌ವಿಎಂಇಯ ‘ಡಿ’ ಡ್ರೈವಿಗೆ ಕಾಪಿ ಮಾಡಿದಳು. ಫೋಲ್ಡರುಗಳ ಗಾತ್ರ ಎರಡೂ ಕಡೆ ಒಂದೇ ಇದೆಯಾ ನೋಡಿದಳು. ಅಪ್ಪನನ್ನು ಕೂರಿಸಿ ನಾಲ್ಕಾರು ಫೈಲು ತೆರೆಸಿದಳು. ಆಮೇಲೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪೆನ್‌ಡ್ರೈವಿನಿಂದ ಎದ್ದು, ‘ಡಿಸ್ಕ್ ಅಳಿಸಿ ಉಬುಂಟು ಹಾಕು’ ಎಂಬುದನ್ನು ಆರಿಸಿದಳು. ಯಾವ ಡಿಸ್ಕು ಎಂದು ಕೇಳಿದಾಗ 500 ಜಿಬಿಯದನ್ನೇ ಆರಿಸಿದ್ದೇನೆ ಎಂದು ಖಚಿತ ಮಾಡಿಕೊಂಡು ಮುಂದೆ ಹೋದಳು. ಇಷ್ಟು ಜೋಪಾನವಾಗಿ ಮಾಡುವವರು ಕಡಿಮೆ.

ರೀಸ್ಟಾರ್ಟ್ ಆದಾಗ ನೇರ ಉಬುಂಟು ಬಂತು. ವಿಂಡೋಸ್ ಕೇಳುವ ಮೆನು ಇಲ್ಲ. ಆನ್ ಆದೊಡನೆ ಮದರ್‌ಬೋರ್ಡಿನಲ್ಲಿ ಓಡುವ ಬಯಾಸ್‌ನಲ್ಲಿ ನೋಡಿದರೆ ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಒಂದೇ ಹೆಸರು. ‘ವಿಂಡೋಸ್ ಬೂಟ್ ಮ್ಯಾನೇಜರ್’ ಮಾಯ.

ಆ ಸಂಜೆ ಮಾಡಿದ ಪ್ರಯತ್ನಗಳು

ಗೆಳತಿಯೊಬ್ಬಳು ಫೋನಿನಲ್ಲಿ ಉಬುಂಟುವನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಮನ್ನು ಸರಿಮಾಡಲು ಹೇಳಿದಳು. ಗ್ರಬ್ 2.06ರಿಂದ ಈಚೆಗೆ ಬೇರೆ ಸಿಸ್ಟಮ್ಮುಗಳನ್ನು ಹುಡುಕುವ ‘ಓಎಸ್ ಪ್ರೋಬರ್’ ತಾನಾಗಿ ಓಡದಂತೆ ಇಟ್ಟಿದ್ದಾರೆ, ಅದನ್ನು ಆನ್ ಮಾಡು ಎಂದಳು. ಸಲಹೆ ಸರಿಯಾದದ್ದೇ. ಆದರೆ ಆನ್ ಮಾಡಿ ಗ್ರಬ್ ಅಪ್‌ಡೇಟ್ ಮಾಡಿದರೂ ವಿಂಡೋಸ್ ಸಿಗಲಿಲ್ಲ. ಕಾರಣ ಸರಳ. ಈಗಿನ ಕಂಪ್ಯೂಟರುಗಳಲ್ಲಿ ಓಎಸ್ ಪ್ರೋಬರ್ ಹುಡುಕುವುದು ವಿಂಡೋಸಿನ ಬೂಟ್ ಫೈಲನ್ನು. ಆ ಫೈಲೇ ಇಲ್ಲದಿದ್ದರೆ ಅದಕ್ಕೆ ಸಿಗುವುದೇನು?

ಜೋಡಿಸಿಕೊಟ್ಟವರಿಗೆ ಫೋನ್ ಹೋಯಿತು. ‘ಲಿನಕ್ಸ್ ಹಾಕಿದ್ರೆ ಹೀಗೇ ಅಣ್ಣ. ನಾಳೆ ಬಂದು ಫಾರ್ಮ್ಯಾಟ್ ಮಾಡಿ ಫ್ರೆಶ್ಶಾಗಿ ವಿಂಡೋಸ್ ಹಾಕ್ಕೊಡ್ತೀನಿ’ ಎಂದರು. ಅಪ್ಪ ಅದಕ್ಕೆ ಒಪ್ಪುವ ಹಂತದಲ್ಲಿದ್ದರು. ಮಗಳು ಅಳುವುದೊಂದು ಬಾಕಿ. ಆಗ ನನಗೆ ಫೋನ್ ಬಂತು.

ಇಡೀ ಪ್ರಕರಣದಲ್ಲಿ ಅತಿ ಅಪಾಯದ ಗಳಿಗೆ ಇದು. ಕೆಟ್ಟು ನಿಂತ ಬೂಟ್ ಒಂದು ಸಣ್ಣ ವಿಷಯ. ಫಾರ್ಮ್ಯಾಟ್ ಮಾಡಿದ್ದರೆ ನುಡಿ, ಕೋರೆಲ್, ಪ್ರಿಂಟರ್ ಸೆಟ್ಟಿಂಗು ಎಲ್ಲ ಹೊಸದಾಗಿ ಆಗಬೇಕಿತ್ತು. ಅದಾದರೂ ಸರಿ. ಹಳೇ ಡಿಸ್ಕು ಅಳಿಸಿದ ಮೇಲೆ ಅಪ್ಪನ ಫೈಲುಗಳು ಉಳಿದದ್ದು ‘ಡಿ’ ಡ್ರೈವಿನಲ್ಲಿ ಮಾತ್ರ. ಆ ಡ್ರೈವು ಇದ್ದದ್ದು ಇದೇ ಎನ್‌ವಿಎಂಇಯಲ್ಲಿ. ಅವಸರದಲ್ಲಿ ಇಡೀ ಡಿಸ್ಕು ಫಾರ್ಮ್ಯಾಟ್ ಆಗಿದ್ದರೆ ಮುಗಿದೇ ಹೋಗಿತ್ತು. ‘ಬೆಳಗ್ಗೆವರೆಗೂ ಯಾರೂ ಏನೂ ಮಾಡಬೇಡಿ, ಕಂಪ್ಯೂಟರ್ ಆಫ್ ಮಾಡಿಡಿ’ ಎಂದು ಫೋನಿನಲ್ಲೇ ಕೇಳಿಕೊಂಡೆ.

ಸುಳಿವು ಸಿಕ್ಕಿದ್ದು ಒಂದು ಪ್ರಶ್ನೆಯಿಂದ

ಅಂಗಡಿಗೆ ಹೋದ ಮೇಲೆ ಕೀಬೋರ್ಡ್ ಮುಟ್ಟುವ ಮುಂಚೆ ಅಪ್ಪನನ್ನು ಕೇಳಿದೆ: ‘ಸರ್, ಉಬುಂಟು ಹಾಕೋಕ್ಕೆ ಮುಂಚೆ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಏನು ಬರ್ತಿತ್ತು?’

‘ನೀಲಿ ಸ್ಕ್ರೀನಲ್ಲಿ ಎರಡು ಹೆಸರು ಬರ್ತಿತ್ತು ಸರ್. ಮೇಲೆ ವಿಂಡೋಸ್ ಹನ್ನೊಂದು, ಕೆಳಗೆ ಹತ್ತು. ನಾನು ಎಂಟರ್ ಒತ್ತಿಬಿಡ್ತಿದ್ದೆ.’

ಅಲ್ಲಿಗೆ ಮುಕ್ಕಾಲು ಭಾಗ ಗೊತ್ತಾಯಿತು. ಎರಡು ಡಿಸ್ಕಿನ ಎರಡು ವಿಂಡೋಸುಗಳು ಒಂದೇ ನೀಲಿ ಪಟ್ಟಿಯಲ್ಲಿ ಬರುತ್ತಿವೆ ಎಂದರೆ ಅವೆರಡರ ಬೂಟ್ ಲೆಕ್ಕ ಒಂದೇ ಜಾಗದಲ್ಲಿದೆ ಎಂದರ್ಥ. ಆ ಜಾಗ ಹಳೇ ಡಿಸ್ಕಿನಲ್ಲಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಕಂಪ್ಯೂಟರುಗಳಲ್ಲಿ ಬಯಾಸ್‌ನ ಜಾಗಕ್ಕೆ ಯುಇಎಫ್ಐ ಬಂದಿದೆ. ಬಾಯಲ್ಲಿ ನಾವು ಇನ್ನೂ ಬಯಾಸ್ ಅಂತಲೇ ಅನ್ನುತ್ತೇವೆ. ಈ ಯುಇಎಫ್ಐ ನೇರವಾಗಿ ‘ಸಿ’ ಡ್ರೈವನ್ನು ಓದುವುದಿಲ್ಲ. ಅದು ಹುಡುಕುವುದು ಇಎಫ್ಐ ಸಿಸ್ಟಮ್ ಪಾರ್ಟಿಷನ್ ಎಂಬ ಪುಟ್ಟ ಜಾಗವನ್ನು. ಫ್ಯಾಟ್32 ರೂಪದ್ದು, ವಿಂಡೋಸ್ ತಾನಾಗಿ ಮಾಡಿದರೆ ಸಾಮಾನ್ಯವಾಗಿ 100 ಎಂಬಿ. ಡ್ರೈವ್ ಅಕ್ಷರ ಇರುವುದಿಲ್ಲ, ‘ದಿಸ್ ಪಿಸಿ’ಯಲ್ಲಿ ಕಾಣುವುದೂ ಇಲ್ಲ. ಯಾವ ಸಿಸ್ಟಮ್ ಎಲ್ಲಿದೆ, ಹೇಗೆ ಎಬ್ಬಿಸಬೇಕು ಎಂಬ ಫೈಲುಗಳು ಅಲ್ಲಿರುತ್ತವೆ.

ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಕಂಪ್ಯೂಟರಿನಲ್ಲಿ ಮೊದಲೇ ಇಂಥ ಪಾರ್ಟಿಷನ್ ಇದ್ದರೆ, ಅದು ಬೇರೆ ಡಿಸ್ಕಿನಲ್ಲಿದ್ದರೂ, ಎಷ್ಟೋ ಸಲ ಸೆಟಪ್ ಅದನ್ನೇ ಬಳಸಿಕೊಳ್ಳುತ್ತದೆ. ಹೊಸದನ್ನು ಮಾಡುವುದಿಲ್ಲ. ಇಲ್ಲಿ ಆದದ್ದು ಅದೇ. ವಿಂಡೋಸ್ 11 ಪೂರ್ತಿ ಹೊಸ ಎನ್‌ವಿಎಂಇಯಲ್ಲಿ, ಅದನ್ನು ಎಬ್ಬಿಸುವ ಫೈಲುಗಳು ಹಳೇ ಸಾಟಾ ಡಿಸ್ಕಿನಲ್ಲಿ. ಹೊಸ ಮನೆಗೆ ಸಂಸಾರ ಸಾಗಿಸಿ ಬೀಗದ ಕೀಯನ್ನು ಹಳೇ ಮನೆಯಲ್ಲೇ ಬಿಟ್ಟ ಹಾಗೆ. ಎರಡೂ ಡಿಸ್ಕು ಇರುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಮಗಳು ಹಳೇ ಡಿಸ್ಕು ಅಳಿಸಿದಳು, ಫೈಲುಗಳೂ ಹೋದವು.

ಊಹೆ ಸಾಲದು, ನೋಡಲೇಬೇಕು. ಉಬುಂಟು ಪೆನ್‌ಡ್ರೈವಿನಿಂದ ಲೈವ್ ಎಬ್ಬಿಸಿ ‘ಡಿಸ್ಕ್ಸ್’ ಎಂಬ ಸಾಧನ ತೆರೆದೆವು. ಸಾಟಾ ಡಿಸ್ಕಿನಲ್ಲಿ ಉಬುಂಟು ಮಾಡಿಕೊಂಡ ಹೊಸ ಇಎಫ್ಐ ಪಾರ್ಟಿಷನ್ ಇತ್ತು. ಎನ್‌ವಿಎಂಇ ಮೇಲೆ ಒತ್ತಿದೆವು. ಮೊದಲಿಗೆ 16 ಎಂಬಿಯ ಮೈಕ್ರೋಸಾಫ್ಟ್ ಮೀಸಲು ಜಾಗ, ಆಮೇಲೆ ವಿಂಡೋಸ್ ಇರುವ ದೊಡ್ಡ ಪಾರ್ಟಿಷನ್, ರಿಕವರಿ, ಕೊನೆಗೆ ‘ಡಿ’. ಫ್ಯಾಟ್32 ಪಾರ್ಟಿಷನ್ ಎಲ್ಲೂ ಇಲ್ಲ. ಮಗಳು ಬೆರಳಿಟ್ಟು ಎಡದಿಂದ ಬಲಕ್ಕೆ ಒಂದೊಂದನ್ನೇ ಓದಿದಳು. ಓದಿ ಮುಗಿಸಿ, ‘ಅಂದ್ರೆ ವಿಂಡೋಸ್ ಹೋಗಿಲ್ಲ, ಅದನ್ನ ಎಬ್ಬಿಸೋದು ಮಾತ್ರ ಇಲ್ಲ’ ಎಂದಳು. ಅಪ್ಪನ ಮುಖ ಸಡಿಲವಾಯಿತು. ಫಾರ್ಮ್ಯಾಟ್ ಮಾತು ಅಲ್ಲಿಗೆ ಬಿದ್ದುಹೋಯಿತು.

ರಿಪೇರಿಗೆ ಮುಂಚಿನ ಎರಡು ಕೆಲಸ

ಮೊದಲು ಫೈಲುಗಳ ಕಾಪಿ. ಲೈವ್ ಉಬುಂಟುವಿನಿಂದಲೇ ‘ಡಿ’ ಡ್ರೈವ್ ತೆರೆದೆವು. ಓದಲು ಮಾತ್ರ ತೆರೆಯಿತು, ಬರೆಯಲು ಬಿಡಲಿಲ್ಲ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದದ್ದು ಇದಕ್ಕೆ ಕಾರಣ. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಅಂಥ ಡಿಸ್ಕಿಗೆ ಬೇರೆ ಸಿಸ್ಟಮ್ ಬರೆದರೆ ಫೈಲುಗಳು ಕೆಡಬಹುದು. ಹಾಗಾಗಿ ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಇದನ್ನು ಬಲವಂತವಾಗಿ ತೆಗೆಯುವ ಉಪಾಯಗಳು ಇವೆ. ಬಳಸಬೇಡಿ. ನಮಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಓದುವುದು ಮಾತ್ರ. ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆವು. ಅವತ್ತು ಕೊಡಬೇಕಿದ್ದ ಮದುವೆ ಕಾರ್ಡಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಪಕ್ಕದೂರಿನ ಪ್ರೆಸ್ಸಿಗೆ ಕಳಿಸಿದರು.

ಎರಡನೆಯದು, ಡಿಸ್ಕು ಎನ್‌ಕ್ರಿಪ್ಟ್ ಆಗಿದೆಯೇ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದೆಯೇ, ಎಂದು ನೋಡುವುದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿವೈಸ್ ಎನ್‌ಕ್ರಿಪ್ಷನ್ ಸಾಮಾನ್ಯವಾಗಿ ತಾನಾಗಿ ಆನ್ ಆಗುತ್ತದೆ. ಮನೆಯಲ್ಲಿ ಜೋಡಿಸಿದ ಡೆಸ್ಕ್‌ಟಾಪಿನಲ್ಲೂ ಆಗುತ್ತದೆ. ಆಗ ಬೂಟ್ ವ್ಯವಸ್ಥೆ ಬದಲಾದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇರುವುದು ಖಾತೆಯಲ್ಲಿ. ಖಾತೆ ಯಾರದು? ನಮ್ಮ ಕಡೆ ಎಷ್ಟೋ ಸಲ ಕಂಪ್ಯೂಟರ್ ಜೋಡಿಸಿದವರೇ ತಮ್ಮ ಇಮೇಲ್ ಹಾಕಿ ಮುಗಿಸಿರುತ್ತಾರೆ. ಈ ಮಾತು ಬರೆಯುವಾಗಲೇ ನನಗೆ ಗಾಬರಿಯಾಗುತ್ತದೆ. ನಿಮ್ಮ ಡಿಸ್ಕಿನ ಕೀ ಇನ್ಯಾರದೋ ಇಮೇಲಿನಲ್ಲಿ!

ಇಲ್ಲಿ ಹಾಗಾಗಿರಲಿಲ್ಲ. ಜೋಡಿಸಿದವರು ರೂಫಸ್ ಎಂಬ ಸಾಧನದಲ್ಲಿ ವಿಂಡೋಸ್ ಪೆನ್‌ಡ್ರೈವ್ ಮಾಡುವಾಗ ಲೋಕಲ್ ಖಾತೆ ಮತ್ತು ಎನ್‌ಕ್ರಿಪ್ಷನ್ ಬೇಡ ಎಂಬ ಎರಡು ಟಿಕ್ ಹಾಕಿದ್ದರು. ‘ಡಿ’ ಡ್ರೈವ್ ಕೀ ಕೇಳದೆ ತೆರೆದಾಗಲೇ ಅರ್ಧ ಧೈರ್ಯ ಬಂದಿತ್ತು. ‘ಸಿ’ ಕೂಡ ಹಾಗೇ ತೆರೆಯಿತು.

ರಿಪೇರಿ

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಸಾಟಾ ಡಿಸ್ಕಿನ ಕೇಬಲ್ ಬಿಚ್ಚಿದೆವು. ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಎಂದುಕೊಳ್ಳುವ ಹೆಜ್ಜೆ ಇದು. ಕೇಬಲ್ ಇಲ್ಲದ ಡಿಸ್ಕಿಗೆ ಯಾವ ಆಜ್ಞೆಯೂ ತಪ್ಪಿ ಹೋಗಿ ಮುಟ್ಟುವುದಿಲ್ಲ. ಹಾಗೇ, ರಿಪೇರಿ ಆದ ಮೇಲೆ ವಿಂಡೋಸ್ ಎದ್ದರೆ ಅದು ತನ್ನ ಡಿಸ್ಕಿನಿಂದಲೇ ಎದ್ದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ವಿಂಡೋಸ್ ಪೆನ್‌ಡ್ರೈವ್ ಅಂಗಡಿಯ ಡ್ರಾದಲ್ಲೇ ಇತ್ತು. ಅದರಿಂದ ಎಬ್ಬಿಸಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತೆಗೆದೆವು. ಎನ್‌ಕ್ರಿಪ್ಷನ್ ಸ್ಥಿತಿಯನ್ನು ಇಲ್ಲಿ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಂಡೆವು. ಪಾರ್ಟಿಷನ್ ಕೆಲಸಕ್ಕಿರುವ ‘ಡಿಸ್ಕ್‌ಪಾರ್ಟ್’ ತೆರೆದು ವಾಲ್ಯೂಮುಗಳ ಪಟ್ಟಿ ತೆಗೆದೆವು. ಇಲ್ಲಿ ಒಂದು ಎಚ್ಚರ ಬೇಕು. ಈ ಪರಿಸರದಲ್ಲಿ ಡ್ರೈವ್ ಅಕ್ಷರಗಳು ನಮಗೆ ಗೊತ್ತಿರುವ ಹಾಗೇ ಇರುತ್ತವೆ ಎಂಬ ಗ್ಯಾರಂಟಿ ಇಲ್ಲ. ಅಪ್ಪನ ‘ಡಿ’ ಇಲ್ಲಿ ‘ಸಿ’ ಆಗಿತ್ತು, ವಿಂಡೋಸ್ ಇದ್ದ ಪಾರ್ಟಿಷನ್ ‘ಡಿ’ ಆಗಿತ್ತು. ಅಕ್ಷರ ನಂಬದೆ ಒಂದೊಂದರ ಫೋಲ್ಡರ್ ಪಟ್ಟಿ ತೆಗೆದು ನೋಡಬೇಕು. ‘ವಿಂಡೋಸ್’ ಫೋಲ್ಡರ್ ಎಲ್ಲಿದೆಯೋ ಅದು ನಿಜವಾದ ಸಿಸ್ಟಮ್ ಡ್ರೈವ್.

ಆ ಪಾರ್ಟಿಷನ್ನನ್ನು ಆರಿಸಿ 500 ಎಂಬಿ ಕುಗ್ಗಿಸಿದೆವು. ಖಾಲಿಯಾದ ಜಾಗದಲ್ಲಿ ಇಎಫ್ಐ ಬಗೆಯ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ‘ಎಸ್’ ಎಂಬ ಅಕ್ಷರ ಕೊಟ್ಟೆವು. 100 ಎಂಬಿ ಸಾಕಾಗುತ್ತಿತ್ತು. ಮುಂದೆ ಏನಾದರೂ ಬೇಕಾದರೆ ಇಕ್ಕಟ್ಟಾಗದಿರಲಿ ಎಂದು ಜಾಸ್ತಿ ಇಟ್ಟೆ. ಆಮೇಲೆ ಬೂಟ್ ಫೈಲುಗಳನ್ನು ಹೊಸದಾಗಿ ಬರೆಯುವ ‘ಬಿಸಿಡಿಬೂಟ್’. ಈ ಆಜ್ಞೆಗೆ ಮೂರು ವಿಷಯ ಹೇಳಬೇಕು. ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲುಗಳನ್ನು ಯಾವ ಪಾರ್ಟಿಷನ್ನಿಗೆ ಬರೆಯಬೇಕು, ಬಗೆ ಯುಇಎಫ್ಐ. ಎಂಟರ್ ಒತ್ತಿದ ತಕ್ಷಣವೇ ಬೂಟ್ ಫೈಲುಗಳು ಸರಿಯಾಗಿ ಸೃಷ್ಟಿಯಾದವು ಎಂಬ ಒಂದು ಸಾಲು ಬಂತು.

ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್. ನೀಲಿ ಪಟ್ಟಿ ಇಲ್ಲದೆ ನೇರವಾಗಿ ವಿಂಡೋಸ್ 11 ಬಂತು. ಅಪ್ಪ ಮೊದಲು ತೆರೆದದ್ದು ಕೋರೆಲ್.

ಯಾರು ಮೊದಲು ಏಳಬೇಕು?

ಸಾಟಾ ಕೇಬಲ್ ಮತ್ತೆ ಸಿಕ್ಕಿಸಿದೆವು. ಈಗ ಬಯಾಸ್‌ನಲ್ಲಿ ಎರಡು ಹೆಸರು: ಉಬುಂಟು, ವಿಂಡೋಸ್ ಬೂಟ್ ಮ್ಯಾನೇಜರ್. ಓಎಸ್ ಪ್ರೋಬರ್ ಈಗ ವಿಂಡೋಸನ್ನು ಕಂಡುಹಿಡಿಯುತ್ತಿತ್ತು. ಹಾಗಾಗಿ ಗ್ರಬ್ ಮೆನುವನ್ನೇ ಮೊದಲು ತಂದು, ಅದರಲ್ಲಿ ಎರಡನ್ನೂ ತೋರಿಸಬಹುದಿತ್ತು. ಲಿನಕ್ಸ್ ಬಳಸುವವರು ಬಹುಪಾಲು ಹೀಗೇ ಮಾಡುತ್ತಾರೆ. ಮಗಳಿಗೂ ಅದೇ ಇಷ್ಟ.

ನಾನು ಬೇಡ ಎಂದೆ. ಗ್ರಬ್ ಮೆನುವಿನ ಮೂಲಕ ವಿಂಡೋಸ್ ಏಳುವುದಾದರೆ ಅಪ್ಪನ ಬೆಳಗಿನ ಕೆಲಸ ಮತ್ತೆ ಸಾಟಾ ಡಿಸ್ಕಿನ ಮೇಲೆ ನಿಂತ ಹಾಗಾಯಿತು. ಮಗಳು ಪ್ರಯೋಗ ಮಾಡುವವಳು. ನಾಳೆ ಉಬುಂಟು ತೆಗೆದು ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಹಾಕುತ್ತಾಳೆ, ಹಾಕಲೂಬೇಕು, ಕಲಿಯುವ ವಯಸ್ಸು. ಆವತ್ತು ಅಂಗಡಿ ನಿಲ್ಲಬಾರದು. ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲಿಗೆ ಇಟ್ಟೆವು. ಅಪ್ಪ ಆನ್ ಮಾಡಿದರೆ ವಿಂಡೋಸ್, ಯಾವ ಪ್ರಶ್ನೆಯೂ ಇಲ್ಲ. ಮಗಳಿಗೆ ಉಬುಂಟು ಬೇಕಾದಾಗ ಆನ್ ಆಗುವಾಗಲೇ ಬೂಟ್ ಮೆನುವಿನ ಕೀ ಒತ್ತಬೇಕು. ಕಂಪನಿಗೆ ತಕ್ಕ ಹಾಗೆ ಅದು ಎಫ್8, ಎಫ್11 ಅಥವಾ ಎಫ್12 ಇರುತ್ತದೆ. ವಿಂಡೋಸಿನಲ್ಲಿ ಇರುವಾಗಲೇ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಆರಿಸಿಯೂ ಹೋಗಬಹುದು. ದಿನಕ್ಕೆ ಒಂದು ಸಲ ಕೀ ಒತ್ತುವುದು ಅವಳಿಗೆ ಭಾರವಾಗಲಿಲ್ಲ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆವು. ಎನ್‌ವಿಎಂಇ ಇರುವುದರಿಂದ ಅಪ್ಪನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆದರೂ ಉಬುಂಟುವಿನಿಂದ ‘ಡಿ’ ಡ್ರೈವಿಗೆ ಬರೆಯುವುದಿಲ್ಲ ಎಂದು ಮಗಳೇ ನಿಯಮ ಮಾಡಿಕೊಂಡಳು.

ಬೆಳಗ್ಗೆ ಹತ್ತಕ್ಕೆ ನಾಲ್ಕೂವರೆ

ಕೆಲವು ದಿನದ ಮೇಲೆ ಅಪ್ಪನಿಂದ ಫೋನ್. ಬೆಳಗ್ಗೆ ಹತ್ತು ಗಂಟೆಗೆ ಬಿಲ್ ಪ್ರಿಂಟ್ ಮಾಡಿದರೆ ಅದರಲ್ಲಿ ನಾಲ್ಕೂವರೆ ಎಂದು ಬರುತ್ತಿದೆ. ಸರಿಮಾಡಿದರೆ ಅವತ್ತು ಸರಿ, ಮಗಳು ರಾತ್ರಿ ಕೂತ ಮಾರನೇ ದಿನ ಮತ್ತೆ ಅದೇ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಭಾರತದ ಸಮಯಕ್ಕೂ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯಕ್ಕೂ ಇರುವ ಅಂತರ ಅದು. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ ಇಡುತ್ತದೆ. ರಾತ್ರಿ ಉಬುಂಟು ಯುಟಿಸಿ ಬರೆದು ಹೋಗುತ್ತದೆ, ಬೆಳಗ್ಗೆ ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ.

ಎರಡು ಕಡೆಯಲ್ಲಿ ಯಾವುದಾದರೂ ಒಂದನ್ನು ಬದಲಿಸಬೇಕು. ವಿಂಡೋಸಿನ ರಿಜಿಸ್ಟ್ರಿಯಲ್ಲಿ ಯುಟಿಸಿ ಮಾಡಬಹುದು. ಇಲ್ಲವೇ ಉಬುಂಟುವಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಮೂಲಕ ಸ್ಥಳೀಯ ಸಮಯ ಮಾಡಬಹುದು. ಎರಡನೆಯದನ್ನು ಮಾಡಿದರೆ ಉಬುಂಟು ಒಂದು ಎಚ್ಚರಿಕೆ ಕೊಡುತ್ತದೆ: ಟೈಮ್ ಝೋನ್ ಬದಲಾದಾಗ, ಬೇಸಿಗೆ ಸಮಯಕ್ಕೆ ಗಡಿಯಾರ ಹೊರಳಿದಾಗ ತೊಂದರೆ ಬರಬಹುದು ಎಂದು. ಹೊರದೇಶದಲ್ಲಿರುವ ಕನ್ನಡಿಗರಿಗೆ ಆ ಮಾತು ಅನ್ವಯಿಸುತ್ತದೆ, ಅವರು ವಿಂಡೋಸ್ ಕಡೆಯನ್ನೇ ಬದಲಿಸುವುದು ಒಳ್ಳೆಯದು. ನಮ್ಮಲ್ಲಿ ಗಡಿಯಾರ ಹೊರಳಿಸುವ ಪದ್ಧತಿ ಇಲ್ಲ, ದೇಶಕ್ಕೆಲ್ಲ ಒಂದೇ ಸಮಯ. ಹಾಗಾಗಿ ಅಪ್ಪನ ವಿಂಡೋಸ್ ಮುಟ್ಟದೆ ಉಬುಂಟುವನ್ನೇ ಬದಲಿಸಿದೆವು. ಬಿಲ್ಲಿನ ಸಮಯ ಸರಿಯಾಯಿತು.

ಆಮೇಲೆ

ಎರಡೂ ಸಿಸ್ಟಮ್ಮು ತಂಟೆ ತಕರಾರಿಲ್ಲದೆ ನಡೆಯುತ್ತಿವೆ. ಮಗಳು ಒಂದು ಭಾನುವಾರ ಉಬುಂಟುವಿನಲ್ಲಿ ಕನ್ನಡ ಹಾಕಿದಳು. ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್ ಸಾಧನಕ್ಕೆ ಎಂ17ಎನ್ ಸೇರಿಸಿದರೆ ಅದರಲ್ಲಿ ‘ಕೆಜಿಪಿ’ ಎಂಬ ಕೀಲಿಮಣೆ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಅಪ್ಪನಿಗೆ ಬೆರಳಿಗೆ ಕೂತಿರುವ ಅದೇ ವಿನ್ಯಾಸ. ಅಪ್ಪ ಕೂತು ಒಂದು ಅರ್ಜಿಯನ್ನು ಯೂನಿಕೋಡಿನಲ್ಲಿ ತಡೆಯಿಲ್ಲದೆ ಟೈಪ್ ಮಾಡಿದರು. ಅದನ್ನು ಹಾಗೇ ವಾಟ್ಸಾಪಿಗೆ ಕಳಿಸಬಹುದು ಎಂದು ಗೊತ್ತಾದಾಗ ಅವರಿಗೆ ಆದ ಸಂತೋಷ ನೋಡಬೇಕಿತ್ತು.

ಡಿಸ್ಕು ಬೇರೆ ಮಾಡಿದರೆ ಎಲ್ಲ ತೊಂದರೆಯೂ ತಪ್ಪುತ್ತದೆ ಎಂದಲ್ಲ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಒಪ್ಪಿಗೆ ಪಡೆದ ಬೂಟ್ ಪ್ರೋಗ್ರಾಮುಗಳನ್ನು ಮಾತ್ರ ಓಡಿಸುವ ಸೆಕ್ಯೂರ್ ಬೂಟ್ ಆನ್ ಇದ್ದ ಎಷ್ಟೋ ಡ್ಯುಯಲ್ ಬೂಟ್ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳಲಿಲ್ಲ. ಹಳೇ ಬೂಟ್ ಲೋಡರುಗಳನ್ನು ತಡೆಯುವ ‘ಎಸ್‌ಬ್ಯಾಟ್’ ಎಂಬ ಪಟ್ಟಿಯನ್ನು ಆ ಅಪ್‌ಡೇಟ್ ಹೊಸದು ಮಾಡಿತ್ತು. ಅದು ಇರುವುದು ಮದರ್‌ಬೋರ್ಡಿನ ನೆನಪಿನಲ್ಲಿ. ಡಿಸ್ಕು ಒಂದಿದ್ದರೂ ಎರಡಿದ್ದರೂ ಅದಕ್ಕೆ ಲೆಕ್ಕವಿಲ್ಲ. ಉಬುಂಟುವನ್ನು ಆಗಾಗ ಅಪ್‌ಡೇಟ್ ಮಾಡಿಕೊಳ್ಳುವುದೇ ಅದಕ್ಕೆ ದಾರಿ ಎಂದು ಮಗಳಿಗೆ ಹೇಳಿದ್ದೇನೆ.

ಕಂಪ್ಯೂಟರ್ ಜೋಡಿಸಿಕೊಟ್ಟವರು ಇದನ್ನೆಲ್ಲ ಕೇಳಿ ಅಂಗಡಿಗೆ ಬಂದರು. ಇದೇ ಥರ ಹಳೇ ಡಿಸ್ಕು ಸೇರಿಸಿ ಮಾಡಿಕೊಟ್ಟ ಕಂಪ್ಯೂಟರುಗಳು ಇನ್ನೂ ಇವೆ, ಅವುಗಳಿಗೆ ಏನು ಮಾಡಲಿ ಎಂದು ಕೇಳಿದರು. ಕೂತು ನೋಡಿದೆವು. ಹಳೇ ಡಿಸ್ಕು ಇನ್ನೂ ಹಾಗೇ ಇರುವಾಗ ಕೆಲಸ ಬಲು ಸುಲಭ. ಫೈಲುಗಳ ಕಾಪಿ ಇಟ್ಟುಕೊಂಡು, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಬೇಕು. ‘ಇಎಫ್ಐ ಸಿಸ್ಟಮ್ ಪಾರ್ಟಿಷನ್’ ಎಂಬ ಹೆಸರು ‘ಸಿ’ ಇರುವ ಸಾಲಿನಲ್ಲೇ ಇದ್ದರೆ ಸರಿ. ಬೇರೆ ಡಿಸ್ಕಿನ ಸಾಲಿನಲ್ಲಿ ಮಾತ್ರ ಇದ್ದರೆ, ವಿಂಡೋಸಿನ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ ಮೊದಲು ರಿಕವರಿ ಕೀ ಬರೆದುಕೊಂಡು ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಆಮೇಲೆ ‘ಸಿ’ಯನ್ನು ಸ್ವಲ್ಪ ಕುಗ್ಗಿಸಿ, ಡಿಸ್ಕ್‌ಪಾರ್ಟಿನಿಂದ ಇಎಫ್ಐ ಪಾರ್ಟಿಷನ್ ಮಾಡಿ, ಬಿಸಿಡಿಬೂಟ್ ಕೊಡಬೇಕು. ಇಷ್ಟನ್ನೂ ಓಡುತ್ತಿರುವ ವಿಂಡೋಸಿನ ಒಳಗಿಂದಲೇ ಮಾಡಬಹುದು. ಕೊನೆಗೆ ಆಫ್ ಮಾಡಿ, ಹಳೇ ಡಿಸ್ಕಿನ ಕೇಬಲ್ ಬಿಚ್ಚಿ, ಆನ್ ಮಾಡಿ ನೋಡಬೇಕು. ವಿಂಡೋಸ್ ಬಂದರೆ ಹಳೇ ಡಿಸ್ಕನ್ನು ಅಳಿಸಲು ಅಡ್ಡಿಯಿಲ್ಲ. ಬರದಿದ್ದರೆ ಕೇಬಲ್ ಮತ್ತೆ ಸಿಕ್ಕಿಸಿದರಾಯಿತು, ಮೊದಲಿನ ಹಾಗೇ ಏಳುತ್ತದೆ. ಆ ವಾರವೇ ಅವರು ಒಂದೊಂದೇ ಮನೆಗೆ ಹೋಗಿ ಇದನ್ನು ಮಾಡಿ ಬಂದರು.